ಹಿಟ್ಟು ಹೊರಗಿನದು, ಹೂರಣ ಊರಿನದು
ಅರಸೀಕೆರೆ–ಹಳೇಬೀಡು–ಬೇಲೂರು ಮಾರ್ಗದ ಬೇಕರಿ ವ್ಯಾಪಾರ: ಒಂದು ಅವಲೋಕನ

ಹಾಸನ ಜಿಲ್ಲೆಯು ನಾಡಿಗೆ ನೀಡಿದ ಕೊಡುಗೆಗಳನ್ನು ಎಣಿಸುವಾಗ ಹೊಯ್ಸಳ ಶಿಲ್ಪದ ಹೆಸರು ಮೊದಲು ಬರುವುದು ಸಹಜ. ವರ್ತಕರ ದೃಷ್ಟಿಯಿಂದ ನೋಡಿದರೆ ಈ ಜಿಲ್ಲೆಯ ಮತ್ತೊಂದು ಕೊಡುಗೆ ಕರ್ನಾಟಕದ ಊರೂರಿನ ಬೀದಿಗಳಲ್ಲಿ ಪ್ರತಿದಿನ ಮುಂಜಾನೆ ಬಾಗಿಲು ತೆರೆಯುತ್ತದೆ. ಅದು ಬೇಕರಿ. ಬೆಂಗಳೂರಿನಲ್ಲಿ 'ಅಯ್ಯಂಗಾರ್ ಬೇಕರಿ' ಎಂಬ ಹೆಸರಿನಡಿ ಬೆಳೆದ ಉದ್ಯಮದ ಬೇರು ಇರುವುದು ಹಾಸನ ಸೀಮೆಯಲ್ಲಿ. ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ ಅವರು ಸಹೋದರರೊಡಗೂಡಿ 1898ರಲ್ಲಿ ಬೆಂಗಳೂರಿನ ಪೇಟೆ ಪ್ರದೇಶದಲ್ಲಿ ಆರಂಭಿಸಿದ 'ಬೆಂಗಳೂರು ಬ್ರದರ್ಸ್', ಅಂದರೆ ಬಿ.ಬಿ. ಬೇಕರಿಯು, ಈ ಪರಂಪರೆಯ ಮೊದಲನೆಯದೆಂದು ಹೇಳಲಾಗುತ್ತದೆ. ಅನಂತರ ಜಿಲ್ಲೆಯ ನಾನಾ ಗ್ರಾಮಗಳಿಂದ ಬಂಧುಗಳೂ ನೆರೆಹೊರೆಯವರೂ ಒಬ್ಬರ ಹಿಂದೆ ಒಬ್ಬರು ರಾಜಧಾನಿಗೆ ತೆರಳಿ, ಬೇರೆಯವರ ಭಟ್ಟಿಯಲ್ಲಿ ಕೆಲಸ ಕಲಿತು, ಸ್ವಂತ ಅಂಗಡಿ ಹೂಡಿದರು. ಇಂದು ಆ ಹೆಸರು ಒಂದು ಸಮುದಾಯಕ್ಕಾಗಲಿ, ಒಂದು ಸಂಸ್ಥೆಗಾಗಲಿ ಸೀಮಿತವಾಗಿಲ್ಲ. ಒಂದು ಬಗೆಯ ತಿನಿಸಿನ ಗುರುತಾಗಿ ಉಳಿದಿದೆ.

ಕುಶಲಕರ್ಮಿಗಳು ನಗರಕ್ಕೆ ಹೋದರು, ನಿಜ. ಆದರೆ ನಗರದ ಗಿರಾಕಿಯು ಈಗ ಕಾರಿನಲ್ಲಿ ಕುಳಿತು ಅದೇ ಜಿಲ್ಲೆಗೆ ಬರುತ್ತಿದ್ದಾನೆ. ಅವನು ದಾರಿಯಲ್ಲಿ ಏನನ್ನು ಕೊಳ್ಳುತ್ತಾನೆ, ಏನನ್ನು ಬಿಟ್ಟು ಹೋಗುತ್ತಾನೆ ಎಂಬುದು ಅರಸೀಕೆರೆ, ಹಳೇಬೀಡು ಮತ್ತು ಬೇಲೂರಿನ ಸಣ್ಣ ಬೇಕರಿಗಳ ಅಳಿವು ಉಳಿವಿಗೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಮಾರ್ಗ ಮತ್ತು ಗಿರಾಕಿ

ಅರಸೀಕೆರೆಯು ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರು ಕಡೆಯ ಮಾರ್ಗವು ಇಲ್ಲಿ ಬಂದು ಸೇರುತ್ತದೆ. ರಸ್ತೆಯ ಮೂಲಕ ಬರುವವರಿಗೂ ತುಮಕೂರು, ತಿಪಟೂರು ದಾಟಿದ ಮೇಲೆ ಕಾಲು ಚಾಚಿಕೊಳ್ಳಲು ಇದೇ ಅನುಕೂಲವಾದ ಊರು. ಇಲ್ಲಿಂದ ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡು. ಹಳೇಬೀಡಿನಿಂದ ಸುಮಾರು 16 ಕಿ.ಮೀ. ದೂರದಲ್ಲಿ ಬೇಲೂರು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಹಾಗೂ ಸೋಮನಾಥಪುರದ ಕೇಶವ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೇ ವರ್ಷದ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯು ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿ, ಪುಣ್ಯಕ್ಷೇತ್ರಗಳತ್ತ ಮತ್ತೊಂದು ವರ್ಗದ ಯಾತ್ರಿಕರನ್ನು ಕರೆತಂದಿತು.

ಈ ಮಾರ್ಗದ ಗಿರಾಕಿಗಳಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಒಂದು ಜೋಡಿ ಇದೆ. ನಗರದಲ್ಲಿ ದುಡಿಯುವ ಮಗ ಅಥವಾ ಮಗಳು, ಅವರೊಡನೆ ವಯಸ್ಸಾದ ತಂದೆ ಅಥವಾ ತಾಯಿ. ದೇವರ ದರ್ಶನಕ್ಕೆಂದೋ, ಹಳೆಯ ಊರನ್ನು ಮತ್ತೊಮ್ಮೆ ನೋಡಿಬರಲೆಂದೋ ಹೊರಟವರು. ಬೇಕರಿಯ ಮುಂದೆ ವಾಹನ ನಿಂತಾಗ ಹಣ ತೆರುವವರು ಕಿರಿಯರು. ಗಾಜಿನ ಕಪಾಟಿನೊಳಗೆ ಬೆರಳು ತೋರಿಸುವವರು ಹಿರಿಯರು. "ಅದರಲ್ಲಿ ಒಂದು, ಇದರಲ್ಲಿ ಒಂದು ಕೊಡಪ್ಪ" ಎಂಬುದೇ ಅವರ ಖರೀದಿಯ ರೀತಿ. ಅರಸೀಕೆರೆಯಲ್ಲಿ ಒಂದು ಖಾರಾ ಬನ್, ಹಳೇಬೀಡಿನಲ್ಲಿ ದಿಲ್‌ಪಸಂದಿನ ಒಂದು ತುಂಡು, ಬೇಲೂರಿನಲ್ಲಿ ಬೆಣ್ಣೆ ಬಿಸ್ಕತ್ತು. ಒಂದೂರಿನ ರುಚಿಯನ್ನು ಮತ್ತೊಂದೂರಿನ ರುಚಿಯೊಡನೆ ಹೋಲಿಸುತ್ತ ಅವರ ಪ್ರಯಾಣ ಸಾಗುತ್ತದೆ.

ಈ ಹಿರಿಯರ ಬೇಡಿಕೆಗಳು ಸ್ಪಷ್ಟವಾಗಿವೆ. ಹಲ್ಲಿಗೆ ಮೆತ್ತಗಿರಬೇಕು, ಎಣ್ಣೆ ಕೈಗೆ ಅಂಟಬಾರದು, ಮೊಟ್ಟೆ ಸೇರಿದೆಯೇ ಇಲ್ಲವೇ ಎಂಬುದಕ್ಕೆ ನೇರವಾದ ಉತ್ತರ ದೊರೆಯಬೇಕು, ಸಕ್ಕರೆ ಕಾಯಿಲೆಯವರಿಗೆ ಖಾರದ ಆಯ್ಕೆ ಇರಬೇಕು. ಮೊಟ್ಟೆ ಬಳಸದ ತಯಾರಿಕೆಯಿಂದಲೇ ಹಿಂದೆ ಅಯ್ಯಂಗಾರ್ ಬೇಕರಿಗಳು ಸಂಪ್ರದಾಯಸ್ಥರ ಮನೆಯೊಳಗೆ ಪ್ರವೇಶ ಪಡೆದವು. ಆ ವಿಶ್ವಾಸವು ಇಂದಿಗೂ ವ್ಯಾಪಾರದ ಬಂಡವಾಳವೇ ಆಗಿದೆ.

ಊರಿನ ಹೂರಣ

ಬೇಕರಿಯ ಮೂಲ ಸಾಮಗ್ರಿಯಾದ ಮೈದಾ ಈ ಸೀಮೆಯದಲ್ಲ. ಗೋಧಿ ಇಲ್ಲಿನ ಪ್ರಮುಖ ಬೆಳೆಯೂ ಅಲ್ಲ. ಹಿಟ್ಟು ಗಿರಣಿಗಳಿಂದ ಮೂಟೆಗಳಲ್ಲಿ ಬರುತ್ತದೆ. ಆದರೆ ಹಿಟ್ಟಿನೊಳಗೆ ಸೇರುವುದನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅರಸೀಕೆರೆ ತಾಲ್ಲೂಕು ತೆಂಗಿನ ಸೀಮೆ. ನೆರೆಯ ತಿಪಟೂರು ಕೊಬ್ಬರಿ ಮಾರುಕಟ್ಟೆಗೆ ಪ್ರಸಿದ್ಧ. ದಿಲ್‌ಪಸಂದಿನ ಹೂರಣದಲ್ಲಿ ಮುಖ್ಯವಾದುದು ತೆಂಗಿನ ತುರಿ ಮತ್ತು ಸಕ್ಕರೆ. ಅದರೊಡನೆ ಪರಂಗಿಕಾಯಿಯಿಂದ ತಯಾರಾಗುವ ಬಣ್ಣಬಣ್ಣದ ಟೂಟಿ ಫ್ರೂಟಿ. ಹನಿ ಕೇಕಿನ ಮೇಲೆ ಜಾಮ್ ಸವರಿ ಉದುರಿಸುವುದೂ ಕೊಬ್ಬರಿಯನ್ನೇ. ಪಲ್ಯದ ಬನ್ನಿಗೆ ಬೇಕಾದ ಆಲೂಗೆಡ್ಡೆಯು ಹಾಸನ ಜಿಲ್ಲೆಯ ಹೆಸರಾಂತ ಮುಂಗಾರು ಬೆಳೆ. ಅಂಗಮಾರಿ ರೋಗದ ಹಾವಳಿಯಿಂದ ಅದರ ವಿಸ್ತೀರ್ಣ ಕುಗ್ಗಿದ್ದರೂ ಹೆಸರು ಮಾಸಿಲ್ಲ. ಖಾರಾ ಬನ್ನಿಗೆ ಬೇಕಾದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಸಬ್ಬಸಿಗೆ ಸೊಪ್ಪು ವಾರದ ಸಂತೆಯಲ್ಲಿ ಸಿಗುತ್ತವೆ. ಬೆಣ್ಣೆ, ತುಪ್ಪಗಳಿಗೆ ಹಾಸನದ ಹಾಲು ಒಕ್ಕೂಟ ಹತ್ತಿರದಲ್ಲಿದೆ. ರಾಗಿಯಂತೂ ಮನೆಯ ಧಾನ್ಯ.

ಹೀಗಾಗಿ ಸಣ್ಣ ಊರಿನ ಬೇಕರಿಗೆ ಇರುವ ನಿಜವಾದ ಅನುಕೂಲವೆಂದರೆ ದೂರವಿಲ್ಲದಿರುವುದು. ಕಾಯಿ ಒಡೆದ ಕೆಲವೇ ಗಂಟೆಗಳಲ್ಲಿ ಅದು ಹೂರಣವಾಗಿ, ಹೂರಣವು ಭಟ್ಟಿ ಸೇರಿ, ಅದೇ ದಿನ ಗಿರಾಕಿಯ ಕೈ ತಲುಪುತ್ತದೆ. ದೊಡ್ಡ ಕಾರ್ಖಾನೆಯ ಪೊಟ್ಟಣಕ್ಕೆ ಇದು ಅಸಾಧ್ಯ.

ಭಟ್ಟಿಯ ಲೆಕ್ಕಾಚಾರ

ಹಳೆಯ ಕ್ರಮದ ಸೌದೆಯ ಭಟ್ಟಿಯಲ್ಲಿ ಕಾವು ಇಳಿಯುವ ಕ್ರಮಕ್ಕೆ ಅನುಗುಣವಾಗಿ ತಿನಿಸುಗಳ ಸರದಿ ನಿಗದಿಯಾಗಿರುತ್ತದೆ. ಕೆಂಡ ಎಳೆದ ಕೂಡಲೇ ಇಟ್ಟಿಗೆಯಲ್ಲಿ ತುಂಬಿರುವ ಕಾವಿಗೆ ಬ್ರೆಡ್ಡು ಮತ್ತು ಬನ್ನು. ಕಾವು ತಗ್ಗಿದಂತೆ ಕೇಕು, ಬಿಸ್ಕತ್ತು. ಕೊನೆಯ ಹದವಾದ ಬಿಸಿಗೆ ರಸ್ಕು. ಒಮ್ಮೆ ಉರಿಸಿದ ಸೌದೆಯಿಂದ ಐದು ಬಗೆಯ ಸರಕು ಹೊರಬರುವ ಈ ಪದ್ಧತಿಯು ಇಂಧನ ಮಿತವ್ಯಯದ ಉತ್ತಮ ನಿದರ್ಶನ. ವಿದ್ಯುತ್ ಅಥವಾ ಅನಿಲದ ಓವನ್ ಅಳವಡಿಸಿಕೊಂಡವರೂ ಇದೇ ಸರದಿಯನ್ನು ಅನುಸರಿಸಿದಲ್ಲಿ ವೆಚ್ಚ ತಗ್ಗುತ್ತದೆ.

ಈ ವ್ಯಾಪಾರದ ದೊಡ್ಡ ಶತ್ರು ಸ್ಪರ್ಧಿಯಲ್ಲ, ಸಂಜೆ. ಒಂದು ಉದಾಹರಣೆ ನೋಡಬಹುದು. ಒಂದು ಬನ್ನಿಗೆ ತಗಲುವ ವೆಚ್ಚ ರೂ. 8, ಮಾರಾಟದ ಬೆಲೆ ರೂ. 10 ಎಂದಿಟ್ಟುಕೊಳ್ಳೋಣ. 100 ಬನ್ನು ಪೂರ್ತಿ ಮಾರಾಟವಾದರೆ ಲಾಭ ರೂ. 200. 10 ಉಳಿದರೆ ಲಾಭ ರೂ. 100ಕ್ಕೆ ಇಳಿಯುತ್ತದೆ. 20 ಉಳಿದರೆ ದಿನವಿಡೀ ದುಡಿದದ್ದಕ್ಕೆ ಕೈಗೆ ಬರುವುದು ಅಸಲು ಮಾತ್ರ. ಉಳಿದ ಬ್ರೆಡ್ಡನ್ನು ತೆಳುವಾಗಿ ಕೊಯ್ದು, ಒಣಗುವವರೆಗೆ ಬೇಯಿಸಿ ರಸ್ಕಾಗಿಸುವ ಹಳೆಯ ಪದ್ಧತಿಯು ಈ ನಷ್ಟಕ್ಕೆ ಕಂಡುಕೊಂಡ ಪರಿಹಾರವೇ ಆಗಿದೆ. ಆದರೆ ಪಲ್ಯ ಅಥವಾ ಹಸಿ ತೆಂಗಿನ ಹೂರಣವಿರುವ ತಿನಿಸಿಗೆ ಅಂಥ ಎರಡನೆಯ ಜನ್ಮವಿಲ್ಲ. ಅದನ್ನು ಮರುದಿನದ ಗಿರಾಕಿಗೆ ದಾಟಿಸುವವನು ಹತ್ತು ರೂಪಾಯಿ ಉಳಿಸಿಕೊಂಡು ಒಂದು ಕುಟುಂಬವನ್ನೇ ಕಳೆದುಕೊಳ್ಳುತ್ತಾನೆ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ತಾಜಾ ಉಳಿಯುವುದೆಂಬ ನಂಬಿಕೆ ಅನೇಕರಲ್ಲಿದೆ. ಬೂಷ್ಟು ಹಿಡಿಯುವುದು ತಡವಾಗುತ್ತದೆ, ನಿಜ. ಆದರೆ ತಂಪಿನಲ್ಲಿ ಪಿಷ್ಟವು ಬೇಗ ಗಟ್ಟಿಯಾಗಿ ಬ್ರೆಡ್ಡು ಬಿರುಸಾಗುತ್ತದೆ. ಮೆತ್ತನೆಯ ಬನ್ನನ್ನೇ ಅರಸಿ ಬರುವ ಹಿರಿಯ ಗಿರಾಕಿಗೆ ಇದು ಒಗ್ಗುವುದಿಲ್ಲ. ಒಂದೇ ಬಾರಿಗೆ ನೂರು ಬೇಯಿಸುವುದಕ್ಕಿಂತ ಬೆಳಗ್ಗೆ ಅರವತ್ತು, ಮಧ್ಯಾಹ್ನದ ಬೇಡಿಕೆ ನೋಡಿಕೊಂಡು ನಲವತ್ತು ಬೇಯಿಸುವುದು ಲೇಸು.

ರಕ್ಷಣೆ ತೊಲಗಿದ ಮೇಲೆ

ಬ್ರೆಡ್ ತಯಾರಿಕೆಯು ದೀರ್ಘಕಾಲ ಸಣ್ಣ ಕೈಗಾರಿಕೆಗಳಿಗೆ ಮೀಸಲಾದ ವಸ್ತುಗಳ ಪಟ್ಟಿಯಲ್ಲಿತ್ತು. 2015ರ ಏಪ್ರಿಲ್‌ನಲ್ಲಿ ಆ ಪಟ್ಟಿಯ ಕೊನೆಯ 20 ವಸ್ತುಗಳನ್ನು ಕೈಬಿಟ್ಟಾಗ ಬ್ರೆಡ್ಡೂ ಮುಕ್ತವಾಯಿತು. ಈಗ ಸಣ್ಣ ಬೇಕರಿಗೆ ಉಳಿದಿರುವುದು ಗುಣಮಟ್ಟದ ರಕ್ಷಣೆ ಮಾತ್ರ. ಅದರ ನಿಯಮಗಳೂ ಬಿಗಿಯಾಗಿವೆ. 2022ರ ಜನವರಿ 1ರಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಪ್ರಮಾಣ ಶೇ. 2ನ್ನು ಮೀರುವಂತಿಲ್ಲ. ಆದ್ದರಿಂದ ವನಸ್ಪತಿ ಕೊಳ್ಳುವಾಗ ಡಬ್ಬಿಯ ಮೇಲಿನ ವಿವರವನ್ನು ಓದುವುದು ಅವಶ್ಯ. ಬ್ರೆಡ್ಡಿನ ಹಿಟ್ಟಿಗೆ ಸೇರಿಸಲಾಗುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ 2016ರಲ್ಲಿ ನಿಷೇಧಕ್ಕೊಳಗಾಯಿತು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ಕೇಕುಗಳ ಮಾದರಿಗಳನ್ನು ಪರೀಕ್ಷಿಸಿ, ಕೆಲವುಗಳಲ್ಲಿ ಹಾನಿಕಾರಕ ಕೃತಕ ಬಣ್ಣ ಪತ್ತೆಯಾದ ಬಗ್ಗೆ ಎಚ್ಚರಿಕೆ ನೀಡಿತು. ಕಡುಗೆಂಪು ಕೇಕಿಗಿಂತ ಕಂದುಬಣ್ಣದ ಖಾರಾ ಬನ್ನು ಈ ವಿಷಯದಲ್ಲಿ ಮಾಲೀಕನಿಗೆ ನೆಮ್ಮದಿ ತರುವ ಸರಕು.

ತೆರಿಗೆಯ ಸಂಗತಿಯೂ ಗಮನಾರ್ಹ. ಸಾಧಾರಣ ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ. ಕೇಕು, ಪೇಸ್ಟ್ರಿ, ಬಿಸ್ಕತ್ತುಗಳ ಮೇಲಿದ್ದ ಶೇ. 18ರ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಅದಕ್ಕೆ ಎರಡು ತಿಂಗಳ ಮೊದಲು, ಜುಲೈನಲ್ಲಿ, ಯುಪಿಐ ಮೂಲಕ ಸ್ವೀಕರಿಸಿದ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವರ್ತಕರಿಗೆ ನೋಟಿಸ್ ನೀಡಿದಾಗ ಬೇಕರಿ ಮತ್ತು ಕಾಂಡಿಮೆಂಟ್ಸ್ ಮಾಲೀಕರಲ್ಲಿ ಉಂಟಾದ ಆತಂಕವನ್ನು ಯಾರೂ ಮರೆತಿರಲಾರರು. ಅದರಿಂದ ಕಲಿಯಬೇಕಾದ ಪಾಠ ಒಂದೇ. ತೆರಿಗೆಯಿಲ್ಲದ ಬ್ರೆಡ್ಡಿನ ಮಾರಾಟ, ತೆರಿಗೆಯುಳ್ಳ ಕೇಕಿನ ಮಾರಾಟ ಮತ್ತು ಮನೆಯವರ ಖಾಸಗಿ ಹಣ, ಈ ಮೂರಕ್ಕೂ ಪ್ರತ್ಯೇಕ ಲೆಕ್ಕವಿರಬೇಕು. ಮನೆಯ ವ್ಯವಹಾರವನ್ನೂ ಅಂಗಡಿಯ ಗಲ್ಲಾವನ್ನೂ ಒಂದೇ ಕ್ಯೂಆರ್ ಫಲಕಕ್ಕೆ ಕಟ್ಟಬಾರದು. ಕುಳಿತು ತಿನ್ನಲು ಟೀ, ಟೋಸ್ಟ್ ಒದಗಿಸುವ ಬೇಕರಿಗಳಿಗೆ ನೋಂದಣಿಯ ಮಿತಿ ಬೇರೆಯಾಗುವುದರಿಂದ ತೆರಿಗೆ ಸಲಹೆಗಾರರೊಡನೆ ಮೊದಲೇ ಸಮಾಲೋಚಿಸುವುದು ಕ್ಷೇಮ.

ಗಿರಾಕಿಯು ಕೊಂಡೊಯ್ಯಬೇಕಾದದ್ದು

ದಾರಿಹೋಕ ಗಿರಾಕಿಯ ಒಂದು ಸ್ವಭಾವವನ್ನು ಮರೆಯುವಂತಿಲ್ಲ. ಅರಸೀಕೆರೆಯ ಮೇಲೆ ಬಂದವರಲ್ಲಿ ಅನೇಕರು ಬೇಲೂರಿನಿಂದ ಹಾಸನದ ಹೆದ್ದಾರಿ ಹಿಡಿದು ಬೆಂಗಳೂರಿಗೆ ಮರಳುತ್ತಾರೆ. ಹೋದ ದಾರಿಯಲ್ಲಿ ಅವರು ಹಿಂತಿರುಗುವುದಿಲ್ಲ. "ಬರುವಾಗ ಕಟ್ಟಿಸಿಕೊಳ್ಳೋಣ" ಎಂದು ಹೇಳಿ ಹೋದವರ ಪಾರ್ಸೆಲ್ ಹಳೇಬೀಡಿನ ಅಂಗಡಿಗೆ ದಕ್ಕುವುದು ವಿರಳ. ಆದ್ದರಿಂದ ರುಚಿ ನೋಡುವುದೂ ಕಟ್ಟಿಸಿಕೊಳ್ಳುವುದೂ ಅದೇ ನಿಲುಗಡೆಯಲ್ಲಿ ನಡೆಯಬೇಕು.

ಇದಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಸರಕನ್ನು ಎರಡಾಗಿ ವಿಂಗಡಿಸುವುದು ಮೊದಲ ಹೆಜ್ಜೆ: ನಿಂತು ತಿನ್ನುವುದು ಮತ್ತು ಕಟ್ಟಿಸಿಕೊಂಡು ಹೋಗುವುದು. ಖಾರಾ ಬನ್, ಪಲ್ಯದ ಬನ್, ಹನಿ ಕೇಕ್, ದಿಲ್‌ಪಸಂದ್ ಮೊದಲ ಗುಂಪಿನವು. ಬೆಣ್ಣೆ ಬಿಸ್ಕತ್ತು, ಕೊಬ್ಬರಿ ಬಿಸ್ಕತ್ತು, ಖಾರಾ ಬಿಸ್ಕತ್ತು, ರಸ್ಕು, ನಿಪ್ಪಟ್ಟು, ಕಾಂಗ್ರೆಸ್ ಕಡಲೇಬೀಜ ಎರಡನೆಯವು. ದಿಲ್‌ಪಸಂದಿನ ತುಂಡು ತಿನ್ನುತ್ತ ನಿಂತ ತಾಯಿಯ ಕೈಗೆ ಒಂದು ಬಿಸ್ಕತ್ತನ್ನು ರುಚಿಗೆಂದು ಕೊಟ್ಟರೆ ಅರ್ಧ ಕಿಲೋ ಪೊಟ್ಟಣದ ಮಾತು ತಾನಾಗಿಯೇ ಬರುತ್ತದೆ. ಆ ಪೊಟ್ಟಣದ ಮೇಲೆ ಅಂಗಡಿಯ ಹೆಸರು, ಊರು, ತಯಾರಿಸಿದ ದಿನ, ಬಳಸಬೇಕಾದ ಅವಧಿ, ಸಸ್ಯಾಹಾರದ ಹಸಿರು ಗುರುತು ಮತ್ತು ಆಹಾರ ಪರವಾನಗಿ ಸಂಖ್ಯೆ ಇರಬೇಕು. ಇದು ಕಾನೂನಿನ ಅಗತ್ಯವಷ್ಟೇ ಅಲ್ಲ. ಬೆಂಗಳೂರಿನ ಅಡುಗೆಮನೆಯಲ್ಲಿ ಆ ಪೊಟ್ಟಣವು ಬೇಲೂರಿನ ಹೆಸರನ್ನು ಹೇಳುತ್ತ ವಾರಗಟ್ಟಲೆ ಇರುತ್ತದೆ.

ಎರಡನೆಯದಾಗಿ, ಪ್ರತಿಯೊಂದು ಅಂಗಡಿಯೂ ನಗರದ ಪಟ್ಟಿಯನ್ನೇ ನಕಲು ಮಾಡುವ ಅವಶ್ಯಕತೆಯಿಲ್ಲ. ಪಿಜ್ಜಾ, ಕ್ರೀಮಿನ ಪೇಸ್ಟ್ರಿಗಳು ನಗರದವರಿಗೆ ಅವರ ಬೀದಿಯಲ್ಲೇ ಸಿಗುತ್ತವೆ. ಅದಕ್ಕಾಗಿ ಅವರು ಅರಸೀಕೆರೆಯಲ್ಲಿ ವಾಹನ ನಿಲ್ಲಿಸುವುದಿಲ್ಲ. ತೆಂಗಿನ ಊರಿನವನು ಕೊಬ್ಬರಿ ಬಿಸ್ಕತ್ತಿಗೆ, ಆಲೂಗೆಡ್ಡೆ ಸೀಮೆಯವನು ಪಲ್ಯದ ಬನ್ನಿಗೆ ಹೆಸರಾದರೆ ಸಾಕು. ಒಂದೂರಿಗೆ ಒಂದು ತಿನಿಸು ಗುರುತಾಗುವುದರಿಂದ ಆಗುವ ಲಾಭಕ್ಕೆ ಮದ್ದೂರಿನ ವಡೆ, ದಾವಣಗೆರೆಯ ಬೆಣ್ಣೆ ದೋಸೆ, ಧಾರವಾಡದ ಪೇಡಾ ಕಣ್ಣೆದುರಿನ ಸಾಕ್ಷಿಗಳು. ಹೂರಣಕ್ಕೆ ಕೊಂಡ ತೆಂಗು, ಆಲೂಗೆಡ್ಡೆ, ಬೆಣ್ಣೆಗಳ ಹಣವೂ ಊರಿನಲ್ಲೇ ಉಳಿಯುತ್ತದೆ.

ಮೂರನೆಯದಾಗಿ, ಬೇಕರಿಯ ಮುಂದೆ ಹಿರಿಯರು ಕುಳಿತುಕೊಳ್ಳಲು ಒಂದು ಬೆಂಚು, ಕುಡಿಯಲು ಶುದ್ಧ ನೀರು, ಸಾಧ್ಯವಾದಲ್ಲಿ ಸ್ವಚ್ಛವಾದ ಶೌಚಾಲಯ. ಪ್ರಯಾಣದಲ್ಲಿ ವಯಸ್ಸಾದವರನ್ನು ಕರೆತಂದವರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ನಾಮಫಲಕವನ್ನು ನೋಡಿಯಲ್ಲ, ಈ ಮೂರು ಸೌಲಭ್ಯಗಳನ್ನು ನೋಡಿ.

ಜಿಲ್ಲೆಯ ಕುಶಲಕರ್ಮಿಗಳು ನಗರಕ್ಕೆ ತೆರಳಿದ್ದು ಜೀವನೋಪಾಯಕ್ಕಾಗಿ. ಅವರಲ್ಲಿ ಅನೇಕರ ಮಕ್ಕಳು ಇಂದು ಬೇರೆ ವೃತ್ತಿಗಳಲ್ಲಿದ್ದಾರೆ. ನಸುಕಿಗೆ ಮೊದಲೇ ಎದ್ದು ಹಿಟ್ಟು ನಾದುವ ಕೈಗಳು ಸಣ್ಣ ಊರುಗಳಲ್ಲಿಯೂ ಕಡಿಮೆಯಾಗುತ್ತಿವೆ. ಈ ಕೆಲಸದಿಂದ ಊರಿನಲ್ಲೇ ಗೌರವಯುತವಾಗಿ ಬದುಕಬಹುದೆಂಬ ಭರವಸೆ ದೊರೆತರೆ ಮಾತ್ರ ಮುಂದಿನವರು ಇದನ್ನು ಕೈಗೆತ್ತಿಕೊಳ್ಳುತ್ತಾರೆ. ಆ ಭರವಸೆಯು ದಿನದ ಸರಕನ್ನು ದಿನವೇ ಮಾರುವ ಶಿಸ್ತು, ಸರಿಯಾದ ಲೆಕ್ಕ ಮತ್ತು ಊರಿನ ಹೂರಣ ಇವುಗಳಿಂದಲೇ ಬರಬೇಕಾಗಿದೆ.