ಎಲೆಯಲ್ಲಿ ಉಪ್ಪು ಕೂಡಿಡುವ ಪೊದೆ

ಒಂದು ಆಲೂಗೆಡ್ಡೆಯಿಂದ ಎರಡು ತೆಳು ಬಿಲ್ಲೆ ಕತ್ತರಿಸಿ. ಒಂದನ್ನು ಬರೀ ನೀರಿನ ಲೋಟಕ್ಕೆ ಹಾಕಿ. ಇನ್ನೊಂದನ್ನು ಎರಡು ಚಮಚ ಉಪ್ಪು ಕರಗಿಸಿದ ನೀರಿಗೆ ಹಾಕಿ. ಬೆಳಿಗ್ಗೆ ಇಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿ ನೋಡಬಹುದು. ಬರೀ ನೀರಿನ ಬಿಲ್ಲೆ ಗಟ್ಟಿಯಾಗಿಯೇ ಇರುತ್ತದೆ. ಉಪ್ಪುನೀರಿನದು ಮೆತ್ತಗಾಗಿ ಬಾಗುತ್ತದೆ. ಏಕೆ ಗೊತ್ತೇ? ನೀರು ಯಾವಾಗಲೂ ಉಪ್ಪು ಹೆಚ್ಚಿರುವ ಕಡೆಗೆ ಸಾಗುತ್ತದೆ. ಬಿಲ್ಲೆಯೊಳಗಿನ ನೀರು ಹೊರಗೆ ಹೋಗಿಬಿಟ್ಟಿದೆ.

ಸವುಳು ನೆಲದಲ್ಲಿ ಬೇರುಗಳಿಗೂ ಇದೇ ಕಷ್ಟ. ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ.

ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ಬೆಳೆಯುವ ಒಂದು ಪೊದೆ ಈ ಕಷ್ಟವನ್ನೇ ತಿರುಗಿಸಿಬಿಟ್ಟಿದೆ! ಅದರ ಹೆಸರು 'ಓಲ್ಡ್ ಮ್ಯಾನ್ ಸಾಲ್ಟ್‌ಬುಷ್'. 'ಮುದುಕಪ್ಪನ ಉಪ್ಪುಪೊದೆ' ಎನ್ನೋಣ. ವಿಜ್ಞಾನಿಗಳು ಕರೆಯುವುದು ಆಟ್ರಿಪ್ಲೆಕ್ಸ್ ನುಮ್ಯುಲೇರಿಯ ಎಂದು. ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ನಾಣ್ಯಕ್ಕಿರುವ ಪದದಿಂದ ಈ ಹೆಸರು ಬಂದಿದೆ. ಎಲೆಗಳು ದುಂಡಗೆ, ಬೂದುಬಣ್ಣಕ್ಕೆ ಇರುತ್ತವೆ. ವರ್ಷಕ್ಕೆ 250 ಮಿ.ಮೀ. ಮಳೆ ಬೀಳದ ಕಡೆಯೂ ಇದು ಬದುಕುತ್ತದೆ, 3 ಮೀಟರ್‌ವರೆಗೂ ಎತ್ತರವಾಗಬಲ್ಲದು. ನಮ್ಮ ಪಾಲಕ್, ಬೀಟ್‌ರೂಟ್, ದಂಟು ಎಲ್ಲವೂ ಇದರ ಕುಟುಂಬದವೇ.

ಈ ಪೊದೆ ಉಪ್ಪನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಜೀವಕೋಶದ ಕೆಲಸಕ್ಕೆ ತೊಂದರೆಯಾಗದಂತೆ ರಸದಾನಿ ಎಂಬ ಚೀಲದಲ್ಲಿ ಅದನ್ನು ಕೂಡಿಡುತ್ತದೆ. ಆಗ ಮಣ್ಣಿಗಿಂತ ಗಿಡದೊಳಗೇ ಉಪ್ಪು ಹೆಚ್ಚು. ಆದ್ದರಿಂದ ನೀರು ಒಳಕ್ಕೆ ಬರುತ್ತದೆ. ಮಿಕ್ಕ ಉಪ್ಪು ಎಲೆಯ ಮೇಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಬಲೂನಿನಂಥ ಕೋಶಗಳಿಗೆ ಸೇರುತ್ತದೆ. ಅವು ಒಡೆದಾಗ ಉಪ್ಪು ಎಲೆಯ ಮೇಲೆ ಪುಡಿಯಾಗಿ ಉಳಿಯುತ್ತದೆ. ಎಲೆಯ ಬೂದುಬಣ್ಣಕ್ಕೆ ಇದೇ ಕಾರಣ. ಬಿಸಿಲನ್ನು ಹಿಂದಕ್ಕೆ ಕಳಿಸಲೂ ಈ ಪುಡಿ ನೆರವಾಗುತ್ತದೆ.

ಕುರಿಗಳು ಈ ಎಲೆಯನ್ನು ಮೇಯುತ್ತವೆ. ಆದರೆ ಜೊತೆಗೆ ಬೇರೆ ಮೇವೂ ಧಾರಾಳ ಸಿಹಿನೀರೂ ಇರಬೇಕು.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾಡು ಕಡಿದು ಗೋಧಿ ಬಿತ್ತಿದರು. ಆಳಬೇರಿನ ಮರಗಳು ಕುಡಿಯುತ್ತಿದ್ದ ಮಳೆನೀರನ್ನು ಗೋಧಿಯ ಬೇರು ಪೂರ್ತಿ ಕುಡಿಯಲಾರದು. ಉಳಿದ ನೀರು ಕೆಳಗಿಳಿದು ಅಂತರ್ಜಲ ಮೇಲೇರಿತು. ನೆಲದಾಳದಲ್ಲಿದ್ದ ಉಪ್ಪೂ ಅದರ ಜೊತೆ ಮೇಲೆ ಬಂತು. ನಮ್ಮ ತುಂಗಭದ್ರಾ ಕಾಲುವೆಯ ಕೆಳಗಿನ ಎಷ್ಟೋ ಗದ್ದೆಗಳು ಸವುಳಾದದ್ದು ಕಾಲುವೆ ನೀರು ಹೆಚ್ಚಾಗಿ, ಅಂತರ್ಜಲ ಹೀಗೇ ಮೇಲೆ ಬಂದದ್ದರಿಂದ.

ಅಲ್ಲಿನ ರೈತರು ಅಂಥ ಹೊಲಗಳಲ್ಲಿ ಉಪ್ಪುಪೊದೆ ನೆಟ್ಟರು. ಇದು ನೆಲದ ಉಪ್ಪನ್ನೆಲ್ಲ ತೆಗೆದುಬಿಡುತ್ತದೆ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಎಲೆ ಉದುರಿದರೆ ಉಪ್ಪು ಮತ್ತೆ ಮಣ್ಣಿಗೇ ಸೇರುತ್ತದೆ. ಪೊದೆಯ ನಿಜವಾದ ಉಪಕಾರ ಬೇರೆ. ಆಳದ ಬೇರುಗಳಿಂದ ವರ್ಷವಿಡೀ ನೀರು ಹೀರಿ, ಅಂತರ್ಜಲ ಮೇಲೇರುವುದನ್ನು ಅದು ತಗ್ಗಿಸುತ್ತದೆ. ಬೇರೇನೂ ಬೆಳೆಯದ ಕಡೆ ಮೇವು ಕೊಡುತ್ತದೆ.

ನಿಮ್ಮೂರಿನಲ್ಲಿ ಬೇಸಿಗೆಯಲ್ಲಿ ಬೆಳ್ಳಗಾಗುವ ನೆಲವಿದೆಯೇ? ಅಲ್ಲಿ ಯಾವ ಗಿಡಗಳಿವೆ, ಅವುಗಳ ಎಲೆ ಹೇಗಿದೆ ಎಂದು ನೋಡಿ ಬರೆದಿಡಿ.