ವಿಷವನ್ನು ಗೆದ್ದ ಹೇನು ತೆತ್ತ ಬೆಲೆ

ಬೆಳೆಗೆ ಹುಳು ಬಿದ್ದಾಗ ರೈತರು ಔಷಧಿ ಹೊಡೆಯುವುದನ್ನು ನೀವು ನೋಡಿದ್ದೀರಿ. ಔಷಧಿ ಎಂದು ಕರೆದರೂ ಅದು ವಿಷವೇ. ಅದರ ಸರಿಯಾದ ಹೆಸರು ಕೀಟನಾಶಕ. ಮೊದಮೊದಲು ಒಂದು ಸಲ ಹೊಡೆದರೆ ಹುಳುಗಳು ಸಾಯುತ್ತವೆ. ಕೆಲವು ವರ್ಷ ಕಳೆದ ಮೇಲೆ ಅದೇ ಕೀಟನಾಶಕವನ್ನು ಮೂರು ಸಲ ಹೊಡೆದರೂ ಹುಳು ಬಗ್ಗುವುದಿಲ್ಲ. ರೈತರ ಹಣವೂ ಹೋಯಿತು, ಬೆಳೆಯೂ ಹೋಯಿತು. ಹೀಗೇಕೆ?

ಹುಳುಗಳು ಬದಲಾದದ್ದು ಹೇಗೆ?

ಒಂದು ಹೊಲದಲ್ಲಿ ಲಕ್ಷಾಂತರ ಕೀಟಗಳಿರುತ್ತವೆ. ಎಲ್ಲೋ ಒಂದೆರಡಕ್ಕೆ ವಿಷವನ್ನು ತಾಳಿಕೊಳ್ಳುವ ಗುಣ ಹುಟ್ಟಿನಿಂದಲೇ ಇರುತ್ತದೆ. ವಿಷ ಹೊಡೆದಾಗ ಉಳಿದವು ಸಾಯುತ್ತವೆ, ಇವು ಬದುಕುತ್ತವೆ. ಇವುಗಳ ಮರಿಗಳಿಗೂ ಅದೇ ಗುಣ ಬರುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಇಂಥವುಗಳ ಸಂಖ್ಯೆ ಹೆಚ್ಚುತ್ತದೆ. ಇದನ್ನು ಕೀಟನಾಶಕ ನಿರೋಧಕ ಶಕ್ತಿ ಎನ್ನುತ್ತಾರೆ. ಅಮೆರಿಕದ ಕೀಟತಜ್ಞ ಮೆಲಾಂಡರ್ 1914ರಲ್ಲೇ ಇದರ ಬಗ್ಗೆ ಬರೆದಿದ್ದರು.

ಈಗ ಒಂದು ಪ್ರಶ್ನೆ. ಈ ಶಕ್ತಿ ಅಷ್ಟು ಒಳ್ಳೆಯದಾದರೆ, ಮೊದಲಿನಿಂದಲೇ ಎಲ್ಲ ಕೀಟಗಳಲ್ಲೂ ಏಕೆ ಇರಲಿಲ್ಲ? ಉತ್ತರವನ್ನು ಒಂದು ಪುಟ್ಟ ಸಸ್ಯಹೇನು ಹೇಳುತ್ತದೆ.

ಇಂಗ್ಲೆಂಡಿನ ಹಸಿರು ಹೇನು

ಎಲೆಗಳ ಅಡಿಯಲ್ಲಿ ಗುಂಪಾಗಿ ಕುಳಿತು ರಸ ಹೀರುವ ಕೀಟವೇ ಸಸ್ಯಹೇನು. ಇದರ ಒಂದು ಜಾತಿ ಇಂಗ್ಲೆಂಡಿನಲ್ಲಿ ಆಲೂಗಡ್ಡೆ ಮತ್ತು ಸಕ್ಕರೆ ಬೀಟ್ ಬೆಳೆಗಳನ್ನು ಕಾಡುತ್ತದೆ. ನಮ್ಮ ದೇಶದಲ್ಲೂ ಈ ಜಾತಿ ಇದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಹೇನನ್ನು ಹಲವು ವರ್ಷ ಅಭ್ಯಾಸ ಮಾಡಿದರು.

ಹೇನಿನ ದೇಹದಲ್ಲಿ ವಿಷವನ್ನು ಹಿಡಿದಿಟ್ಟು ಒಡೆಯುವ ಒಂದು ಕಿಣ್ವವಿದೆ. ಅದನ್ನು ತಯಾರಿಸುವ ಸೂಚನೆ ವಂಶವಾಹಿಯಲ್ಲಿರುತ್ತದೆ. ತೀರಾ ಗಟ್ಟಿ ಹೇನುಗಳಲ್ಲಿ ಈ ವಂಶವಾಹಿಯ ಸುಮಾರು 80 ಪ್ರತಿಗಳಿದ್ದವು! ಹಾಗಾಗಿ ಕಿಣ್ವವೂ ಬಹಳ ಹೆಚ್ಚು. ಆದರೆ ಚಳಿಗಾಲದಲ್ಲಿ ಇವು ಸೋತವು. ಹಳೆಯ ಎಲೆ ಹಣ್ಣಾಗಿ ಉದುರುವ ಮೊದಲು ಹೇನು ಎಳೆಯ ಎಲೆಗೆ ಹೋಗಬೇಕು. ಸಾಮಾನ್ಯ ಹೇನುಗಳು ಬೇಗ ಹೋದವು. ಕಿಣ್ವ ಹೆಚ್ಚಿದ್ದವು ತಡಮಾಡಿದವು. ಎಲೆಯೊಡನೆ ತಾವೂ ಬಿದ್ದು ಹೆಚ್ಚಿನ ಸಂಖ್ಯೆಯಲ್ಲಿ ಸತ್ತವು.

ಇನ್ನೊಂದು ಬಗೆಯ ಗಟ್ಟಿ ಹೇನುಗಳಲ್ಲಿ ನರಗಳೇ ತುಸು ಬದಲಾಗಿದ್ದವು. ಅದರಿಂದ ವಿಷ ನಾಟುತ್ತಿರಲಿಲ್ಲ. ಆದರೆ ಇದರಿಂದ ಬೇರೊಂದು ಕಷ್ಟ ಬಂತು. ಗುಲಗಂಜಿ ಹುಳುವಿನಂಥ ಶತ್ರು ಹಿಡಿದಾಗ ಹೇನು ಒಂದು ವಾಸನೆಯನ್ನು ಬಿಡುತ್ತದೆ. 'ಓಡಿ' ಎನ್ನುವ ಸಂದೇಶ ಅದು. ಅಕ್ಕಪಕ್ಕದ ಹೇನುಗಳು ರಸ ಹೀರುವುದನ್ನು ಬಿಟ್ಟು ಓಡುತ್ತವೆ, ಇಲ್ಲವೇ ಕೆಳಗೆ ಬೀಳುತ್ತವೆ. ನರ ಬದಲಾದ ಹೇನುಗಳು ಮಾತ್ರ ಹೆಚ್ಚಾಗಿ ಕುಳಿತಲ್ಲೇ ಕುಳಿತಿದ್ದವು. ಶತ್ರುವಿಗೆ ಸುಲಭದ ಊಟ!

ವಿಷ ಹೊಡೆಯುವ ಹೊಲದಲ್ಲಿ ಗಟ್ಟಿ ಹೇನಿಗೆ ಲಾಭ. ವಿಷವಿಲ್ಲದ ಹೊಲದಲ್ಲಿ ಅದಕ್ಕೇ ನಷ್ಟ. ಅದಕ್ಕೇ ಮೊದಲಿನಿಂದ ಅವು ವಿರಳವಾಗಿದ್ದವು.

ರೈತರಿಗೆ ಇದರಿಂದ ಏನು ಉಪಯೋಗ?

ಒಂದೇ ಕೀಟನಾಶಕವನ್ನು ಪದೇ ಪದೇ ಹೊಡೆದರೆ ಗಟ್ಟಿ ಕೀಟಗಳನ್ನು ನಾವೇ ಸಾಕಿದಂತೆ. ಬೇಕಾದಾಗ ಮಾತ್ರ ಹೊಡೆಯುವುದು, ಬೇರೆ ಬೇರೆ ಬಗೆಯ ಕೀಟನಾಶಕವನ್ನು ಸರದಿಯಂತೆ ಬಳಸುವುದು, ಒಂದಿಷ್ಟು ಜಾಗವನ್ನು ವಿಷವಿಲ್ಲದೆ ಬಿಡುವುದು ಒಳ್ಳೆಯದು. ಆಗ ಸಾಮಾನ್ಯ ಕೀಟಗಳು ಉಳಿಯುತ್ತವೆ.

ಬಿಟಿ ಹತ್ತಿಯ ಕಥೆಯೂ ಇದೇ. ಈ ಗಿಡ ತನ್ನೊಳಗೇ ಕಾಯಿಕೊರಕಕ್ಕೆ ವಿಷವಾಗುವ ಪ್ರೋಟೀನ್ ತಯಾರಿಸುತ್ತದೆ. ಅಮೆರಿಕದ ಅರಿಜೋನಾದಲ್ಲಿ ರೈತರು 1996ರಿಂದ ಅದರ ಜೊತೆಗೆ ಸಾಮಾನ್ಯ ಹತ್ತಿಯನ್ನೂ ಬೆಳೆದರು. ಹತ್ತು ವರ್ಷವಾದರೂ ಅಲ್ಲಿ ಗಟ್ಟಿ ಗುಲಾಬಿ ಕಾಯಿಕೊರಕಗಳು ಹೆಚ್ಚಲಿಲ್ಲ. ಭಾರತದಲ್ಲಿ 2002ರಲ್ಲಿ ಬಿಟಿ ಹತ್ತಿ ಬಂದಾಗಲೂ ಅಂಚಿನಲ್ಲಿ ಸಾಮಾನ್ಯ ಹತ್ತಿ ಬಿತ್ತಬೇಕೆಂಬ ನಿಯಮವಿತ್ತು. ಬಹಳ ಮಂದಿ ಬಿತ್ತಲಿಲ್ಲ. ಮುಂದೆ ಗುಲಾಬಿ ಕಾಯಿಕೊರಕ ಆ ವಿಷಕ್ಕೂ ಜಗ್ಗದಾಯಿತು. ಕರ್ನಾಟಕದ ಹತ್ತಿ ಬೆಳೆಗಾರರೂ ನಷ್ಟ ಅನುಭವಿಸಿದರು.

ಒಂದು ಮಾತು ನೆನಪಿರಲಿ. ಎಲ್ಲ ಕೀಟಗಳೂ ಇಷ್ಟೇ ಬೆಲೆ ತೆರುವುದಿಲ್ಲ. ಕೆಲವಕ್ಕೆ ನಷ್ಟ ತೀರಾ ಕಡಿಮೆ. ಅಂಥ ಕಡೆ ವಿಷ ನಿಲ್ಲಿಸಿದರೂ ಗಟ್ಟಿ ಕೀಟಗಳು ಬೇಗ ಕಡಿಮೆಯಾಗುವುದಿಲ್ಲ. ಆದ್ದರಿಂದ ಮೊದಲೇ ಎಚ್ಚರ ವಹಿಸುವುದು ಮೇಲು.

ಲೆಕ್ಕ ಮಾಡಿ ನೋಡಿ

ವಿಷ ಹೊಡೆಯದ ಒಂದು ಹೊಲದಲ್ಲಿ 90 ಗಟ್ಟಿ ಹೇನುಗಳೂ 10 ಸಾಮಾನ್ಯ ಹೇನುಗಳೂ ಇವೆ ಎಂದುಕೊಳ್ಳಿ. ಪ್ರತಿ ಪೀಳಿಗೆಯಲ್ಲಿ ಗಟ್ಟಿ ಹೇನುಗಳು 2 ಪಟ್ಟು, ಸಾಮಾನ್ಯ ಹೇನುಗಳು 3 ಪಟ್ಟು ಆಗುತ್ತವೆ. ಎಷ್ಟನೆಯ ಪೀಳಿಗೆಯಲ್ಲಿ ಸಾಮಾನ್ಯ ಹೇನುಗಳು ಮುಂದಾಗುತ್ತವೆ?

(ಉತ್ತರ: 6ನೆಯ ಪೀಳಿಗೆಯಲ್ಲಿ. ಸಾಮಾನ್ಯ ಹೇನು 7290, ಗಟ್ಟಿ ಹೇನು 5760.)