ಕೆಂಪು ಇಳಿದ ಮೇಲಿನ ಕಣ್ಣು

ಹನೂರಿನಿಂದ ಮೈಸೂರಿಗೆ ಎಂಬತ್ತು ಕಿಲೋಮೀಟರಿಗೂ ಮೇಲೆ. ಕೌದಳ್ಳಿ, ರಾಮಾಪುರದವರಿಗೆ, ಮಾದಪ್ಪನ ಬೆಟ್ಟದ ಸುತ್ತಿನ ಪೋಡುಗಳವರಿಗೆ ಇನ್ನೂ ದೂರ. ಕಣ್ಣಿಗೆ ಪೆಟ್ಟು ಬಿದ್ದು ಒಳಗಿನ ರೆಟಿನಾ ಎಂಬ ಪದರ ಕಳಚಿಕೊಂಡ ಮಕ್ಕಳನ್ನು ಆ ಕಡೆಯವರು ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯುತ್ತಾರೆ. ಅಂಥ ಮಕ್ಕಳು ಬರುವ ಕಣ್ಣಾಸ್ಪತ್ರೆಯೊಂದನ್ನು ಬಾಗಿಲಿನಿಂದ ಕೊನೆಯ ಕೋಣೆಯವರೆಗೆ ನೋಡಬೇಕು ಅಂತ ಒಂದು ಬೆಳಿಗ್ಗೆ ಹೋದೆ.

ಬಾಗಿಲು ದಾಟಿದರೆ ನೋಂದಣಿ ಕೌಂಟರು. ಸಾಲಿನಲ್ಲಿದ್ದವರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ರೆಫರಲ್ ಚೀಟಿ ತಾರದೆ ಬಂದವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಇಷ್ಟು ದೂರ ಬಂದು ಒಂದು ಕಾಗದಕ್ಕಾಗಿ ನಿಲ್ಲುವುದು ನೋಡಲು ಕಷ್ಟವಾಯಿತು.

ಮುಂದಿನದು ದೃಷ್ಟಿ ಪರೀಕ್ಷೆಯ ಕೋಣೆ. ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ಕುರ್ಚಿಯ ಮೇಲೆ ಕೂತಿದ್ದ. ಎಡಗಣ್ಣು ಮುಚ್ಚಿ ಓದಿಸಿದರು. ಕೊನೆಯ ಸಾಲಿನವರೆಗೆ ತಡವರಿಸದೆ ಓದಿದ. ಬಲಗಣ್ಣು ಮುಚ್ಚಿದ ಮೇಲೆ ಮಾತ್ರ ಸುಮ್ಮನಾದ. ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಕಾಣಲಿಲ್ಲ. ಪರೀಕ್ಷೆ ಮಾಡುತ್ತಿದ್ದವರು ಹತ್ತಿರ ಬಂದು ಬೆರಳು ತೋರಿಸಿದರು. ಬೆರಳು ಆಡುವುದು ತಿಳಿಯಿತು, ಎಣಿಸಲು ಆಗಲಿಲ್ಲ. ಹಿಂದೆ ನಿಂತಿದ್ದ ತಾಯಿ ಮಗನ ಮುಖವನ್ನೇ ನೋಡುತ್ತಿದ್ದರು.

ಕಣ್ಣಿಗೆ ಹನಿ ಹಾಕಿಸಿಕೊಂಡು ಪಾಪೆ ಹಿಗ್ಗುವವರೆಗೆ ಕಾಯಬೇಕು. ಬೆಂಚಿನ ಮೇಲೆ ಆ ತಾಯಿ ಹೇಳಿದ್ದು: ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಬಂದು ಬಡಿದಿತ್ತು. ಕಣ್ಣು ಕೆಂಪಾಗಿತ್ತು, ಊದಿಕೊಂಡಿತ್ತು. ಯಾರೋ ನಂದಿಬಟ್ಟಲು ಹೂವಿನ ರಸ ಬಿಡಿ ಅಂದರು, ಬಿಟ್ಟರು. ನಾಲ್ಕು ದಿನದಲ್ಲಿ ಕೆಂಪು ಇಳಿಯಿತು. ಹುಡುಗ ಸ್ಕೂಲಿಗೆ ಹೋದ, ಸೈಕಲ್ ತುಳಿದ. “ಅವ್ನೂ ಏನೂ ಹೇಳ್ನಿಲ್ಲ, ನಮ್ಗೂ ಗೊತ್ತಾಗ್ನಿಲ್ಲ ಕನಾ ಸಾ.” ತಿಂಗಳುಗಳ ಮೇಲೆ, ಒಳ್ಳೆಯ ಕಣ್ಣಿಗೆ ಧೂಳು ಬಿದ್ದು ಉಜ್ಜಿಕೊಳ್ಳುವಾಗ, ಇನ್ನೊಂದರಲ್ಲಿ ಏನೂ ಕಾಣುತ್ತಿಲ್ಲ ಅನ್ನುವುದು ಅವನಿಗೇ ತಿಳಿದದ್ದು.

ಒಳಗೆ ಡಾಕ್ಟರ ಹತ್ತಿರ ಇದನ್ನೇ ಕೇಳಿದೆ. ಇಷ್ಟು ತಡವಾಗಿ ಹೇಗೆ? ಅವರ ಉತ್ತರ ಹೀಗಿತ್ತು. ಮೊಂಡ ಪೆಟ್ಟು ಬಿದ್ದಾಗ ಕಣ್ಣುಗುಡ್ಡೆ ಒಂದು ಕ್ಷಣ ಚಪ್ಪಟೆಯಾಗಿ ಹಿಗ್ಗುತ್ತದೆ. ಆ ಎಳೆತಕ್ಕೆ ರೆಟಿನಾ ತನ್ನ ಹೊರ ಅಂಚಿನಲ್ಲಿ, ಅದು ಅಂಟಿಕೊಂಡಿರುವ ಬುಡದಲ್ಲೇ ಹರಿಯಬಹುದು. ದೊಡ್ಡವರಲ್ಲಿ ಕಣ್ಣಿನೊಳಗಿನ ವಿಟ್ರಿಯಸ್ ಎಂಬ ಲೋಳೆ ವಯಸ್ಸಾದಂತೆ ನೀರಾಗುತ್ತ ಬರುತ್ತದೆ. ಮಕ್ಕಳಲ್ಲಿ ಅದು ಗಟ್ಟಿ. ಹರಿದ ಜಾಗವನ್ನು ಅದೇ ಸ್ವಲ್ಪ ಕಾಲ ಒತ್ತಿ ಹಿಡಿದಿರುತ್ತದೆ. ಹಾಗಾಗಿ ಕಣ್ಣೊಳಗಿನ ನೀರು ಹರಿದಲ್ಲಿಂದ ರೆಟಿನಾದ ಹಿಂದಕ್ಕೆ ನಿಧಾನವಾಗಿ ಇಳಿಯುತ್ತದೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಗೋಡೆಯ ಬಿರುಕಿನಿಂದ ನೀರು ಇಳಿದು ಸುಣ್ಣ ಹೊಪ್ಪಳೆ ಎದ್ದಂತೆ ರೆಟಿನಾ ಏಳುತ್ತದೆ. ನೋವಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿರುವವರೆಗೆ ಮಗುವಿಗೆ ಕೊರತೆಯೂ ತಿಳಿಯದು. ನೋಟದ ನಡುಬಿಂದುವಾದ ಮ್ಯಾಕ್ಯುಲಾ ಎದ್ದ ಮೇಲೆಯೇ ಬಹಳ ಮಕ್ಕಳು ಬರುವುದು.

ಪರೀಕ್ಷೆ ನಡೆಯುವುದು ಕತ್ತಲೆ ಕೋಣೆಯಲ್ಲಿ. ಡಾಕ್ಟರ ತಲೆಗೆ ದೀಪ ಕಟ್ಟಿದ ಉಪಕರಣ, ಬೆರಳ ತುದಿಯಲ್ಲಿ ಒಂದು ದಪ್ಪ ಮಸೂರ. ಹುಡುಗ ಮಲಗಿದ್ದ. ಮೇಲೆ ನೋಡು, ಕೆಳಗೆ ನೋಡು, ನಿನ್ನ ಕಿವಿ ಕಡೆ ನೋಡು ಅನ್ನುತ್ತ ಅವರು ಅವನ ಸುತ್ತ ತಿರುಗಿದರು. ಆಮೇಲೆ ಎದೆಯ ಮೇಲೆ ಕಾಗದವೊಂದನ್ನು ತಲೆಕೆಳಗಾಗಿ ಇಟ್ಟರು. ಮಸೂರದಲ್ಲಿ ಎಲ್ಲ ತಲೆಕೆಳಗಾಗಿ ಕಾಣುವುದರಿಂದ ಹಾಗೆ. ಕಾಗದದಲ್ಲಿ ಅಚ್ಚಾದ ವೃತ್ತ. ಬಣ್ಣದ ಪೆನ್ಸಿಲ್ ತೆಗೆದು ಬರೆಯತೊಡಗಿದರು: ಜಾಗದಲ್ಲಿರುವ ರೆಟಿನಾಗೆ ಕೆಂಪು, ಎದ್ದಿರುವುದಕ್ಕೆ ನೀಲಿ, ಹರಿದಲ್ಲಿ ನೀಲಿ ಗೆರೆಯೊಳಗೆ ಕೆಂಪು. ಕೆಳ ಹೊರ ಅಂಚಿನಲ್ಲಿ ಹರಿದ ಉದ್ದನೆ ಗುರುತು, ಅಲ್ಲಿಂದ ನಡುವಿನವರೆಗೆ ನೀಲಿ. ಅಷ್ಟು ಹೊತ್ತು ಕೇಳಿದ ವಿವರಣೆಗಿಂತ ಆ ಕಾಗದ ನನಗೆ ಹೆಚ್ಚು ತಿಳಿಸಿತು. ತಾಯಿಗೂ ಅದನ್ನೇ ತೋರಿಸಿ ಹೇಳಿದರು.

ಪಕ್ಕದ ಕೋಣೆಯಲ್ಲಿ ಸ್ಕ್ಯಾನಿಂಗ್. ಕಣ್ಣೊಳಗೆ ರಕ್ತ ತುಂಬಿದ್ದರೆ, ಪೆಟ್ಟಿನಿಂದ ಪೊರೆ ಬಂದಿದ್ದರೆ ದೀಪ ಒಳಗೆ ಹೋಗುವುದಿಲ್ಲ. ಆಗ ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಸವರಿ ಅಲ್ಟ್ರಾಸೌಂಡ್ ಮಾಡುತ್ತಾರೆ. ಮುಳ್ಳು, ಕಡ್ಡಿ ಚುಚ್ಚಿ ಕಣ್ಣೇ ಒಡೆದಿದ್ದರೆ ಕ್ರಮ ಬೇರೆ. ಮೊದಲು ಗಾಯ ಹೊಲಿದು, ರೆಟಿನಾ ಕೆಲಸ ಬೇಕಾದರೆ ಆಮೇಲೆ.

ಮಹಡಿಯ ಮೇಲೆ ಆಪರೇಷನ್ ಥಿಯೇಟರು. ಮಕ್ಕಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಬೇಕು. ಅದಕ್ಕೆ ಮುಂಚೆ ಊಟಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಬಿಡುವು ಕೇಳುತ್ತಾರೆ. ಹಸಿದ ಮಗುವಿಗೆ ಅಜ್ಜಿಯರು ಕದ್ದು ಬಿಸ್ಕತ್ತು ಕೊಟ್ಟು ಆಪರೇಷನ್ ಮುಂದಕ್ಕೆ ಹೋಗುವುದೂ ಉಂಟು ಎಂದು ನರ್ಸ್ ಹೇಳಿದರು.

ಒಳಗಿನ ಕೆಲಸವನ್ನು ಹೊರಗಿನ ಪರದೆಯಲ್ಲಿ ನೋಡಿದೆ. ಎಲ್ಲ ತಿಳಿಯಿತು ಅನ್ನಲಾರೆ. ಅಂಚು ಹರಿದ ಕಣ್ಣಿಗೆ ಹೆಚ್ಚಾಗಿ ಹೊರಗಿನಿಂದಲೇ ಚಿಕಿತ್ಸೆ. ಹರಿದ ಜಾಗದ ಮೇಲೆ ಅತಿ ತಣ್ಣನೆಯ ಕಡ್ಡಿ ಮುಟ್ಟಿಸುತ್ತಾರೆ, ಅಲ್ಲಿ ಮುಂದೆ ಕಲೆ ಕಟ್ಟಿ ಅಂಟಿಕೊಳ್ಳುತ್ತದೆ. ಬಳಿಕ ಬಿಳಿಗುಡ್ಡೆಯ ಹೊರಗೆ ಸಿಲಿಕೋನ್ ಪಟ್ಟಿ ಹೊಲಿಯುತ್ತಾರೆ. ಪಟ್ಟಿ ಗೋಡೆಯನ್ನು ಒಳಕ್ಕೆ ಒತ್ತಿ ರೆಟಿನಾಗೆ ತಾಕಿಸುತ್ತದೆ. ಲೋಳೆಯನ್ನು ಮುಟ್ಟದೆ ಮುಗಿಯುವ ಈ ದಾರಿ ಮಕ್ಕಳಿಗೆ ಒಳ್ಳೆಯದು, ಏಕೆಂದರೆ ಅವರ ಗಟ್ಟಿ ಲೋಳೆಯನ್ನು ರೆಟಿನಾದಿಂದ ಬಿಡಿಸುವುದು ಬಹಳ ಕಷ್ಟ. ತಡವಾಗಿ ರೆಟಿನಾ ಸುಕ್ಕುಗಟ್ಟಿದ್ದರೆ ಈ ದಾರಿ ಸಾಲದು. ಒಂದು ಮಿಲಿಮೀಟರಿಗಿಂತ ಸಣ್ಣ ರಂಧ್ರಗಳಿಂದ ಒಳಹೊಕ್ಕು, ಲೋಳೆ ತೆಗೆದು, ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಸುಮಾರು ನೂರು ವರ್ಷದ ಹಿಂದೆ, ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ವೈದ್ಯರೊಬ್ಬರು ತೂತು ಮುಚ್ಚಿದರೆ ರೆಟಿನಾ ಕೂರುತ್ತದೆಂದು ತೋರಿಸುವವರೆಗೆ, ಕಳಚಿದ ಕಣ್ಣೆಂದರೆ ಹೋದ ಕಣ್ಣು ಎಂದೇ ಲೆಕ್ಕ. ಒಳಹೊಕ್ಕು ಲೋಳೆ ತೆಗೆಯುವ ವಿಧಾನ ಅಮೆರಿಕದ ಮಿಯಾಮಿಯಲ್ಲಿ ರೂಪುಗೊಂಡದ್ದು 1970ರ ಹೊತ್ತಿಗೆ.

ವಾರ್ಡಿನಲ್ಲಿ ಹಸಿರು ಪಟ್ಟಿ ಕಟ್ಟಿಕೊಂಡ ಹುಡುಗಿಯೊಬ್ಬಳು ಬೋರಲಾಗಿ ಮಲಗಿದ್ದಳು. ಎಣ್ಣೆ ಸರಿಯಾದ ಜಾಗ ಒತ್ತಲೆಂದು ಹಾಗೆ. ಮಾದಪ್ಪನಿಗೆ ಹರಕೆ ಇದೆ, ಬೆಟ್ಟಕ್ಕೆ ಯಾವಾಗ ಹೋಗಬಹುದು ಅಂತ ಅಜ್ಜಿ ಕೇಳಿದರು. ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ ಎತ್ತರ ಹತ್ತುವ ಮುನ್ನ ಕೇಳಲೇಬೇಕು, ವಿಮಾನವಂತೂ ಕೂಡದು, ಇವಳದು ಎಣ್ಣೆ, ಆ ಭಯವಿಲ್ಲ, ನೂಕುನುಗ್ಗಲಿಗೆ ಮಾತ್ರ ಬಿಡಬೇಡಿ ಎಂದರು ಡಾಕ್ಟರು. ಎಣ್ಣೆ ತೆಗೆಸಲು ಕೆಲವು ತಿಂಗಳ ನಂತರ ಮತ್ತೆ ಬರಬೇಕು.

ಕೊನೆಯ ಕೋಣೆಯನ್ನು ಬಹಳ ಮಂದಿ ತಪ್ಪಿಸಿಬಿಡುತ್ತಾರಂತೆ. ಅದು ಕನ್ನಡಕ ಮತ್ತು ಪಟ್ಟಿ ಕೊಡುವ ಜಾಗ. ರೆಟಿನಾ ಕೂತರೂ, ಎಳೆಯ ಮಗುವಿನ ಮೆದುಳು ಆ ಕಣ್ಣನ್ನು ಕೈಬಿಟ್ಟಿರಬಹುದು. ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಗಂಟೆ ಪಟ್ಟಿ ಅಂಟಿಸಿ ಇದನ್ನು ದುಡಿಸಬೇಕು. ಏಳೆಂಟು ವರ್ಷದೊಳಗಿನವರಿಗೆ ಇದು ಆಪರೇಷನ್ನಿನಷ್ಟೇ ಮುಖ್ಯ. ಬಸ್‌ಚಾರ್ಜು, ಒಂದು ದಿನದ ಕೂಲಿ ಕಳೆದುಕೊಂಡು ಹನೂರಿನಿಂದ ತಪಾಸಣೆಗೆ ಮತ್ತೆ ಮತ್ತೆ ಬರುವುದು ಸುಲಭವಲ್ಲ. ಇಂಥ ತಪಾಸಣೆಯಾದರೂ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಚಿನ್ನಿ ಬಡಿದ ಹುಡುಗನಿಗೆ ಎಷ್ಟು ದೃಷ್ಟಿ ಮರಳಿತೋ ನನಗೆ ತಿಳಿಯದು. ಮಗುವಿನ ಕಣ್ಣಿಗೆ ಚಿನ್ನಿ, ಚೆಂಡು, ಕಲ್ಲು, ಪಟಾಕಿ, ಹಸುವಿನ ಕೊಂಬು, ಏನೇ ತಾಗಲಿ, ಉಜ್ಜಬೇಡಿ, ಒತ್ತಬೇಡಿ, ರಸ, ಹರಳೆಣ್ಣೆ ಬಿಡಬೇಡಿ. ಚುಚ್ಚಿಕೊಂಡಿದ್ದರೆ ನೀವೇ ಕೀಳಬೇಡಿ. ಕೆಂಪು ಇಳಿಯಿತೆಂದು ಸುಮ್ಮನಿರದೆ ಪಾಪೆ ಹಿಗ್ಗಿಸಿ ಒಳಗನ್ನು ನೋಡುವ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ದಿನಕ್ಕೆ ಮತ್ತೆ ತೋರಿಸಿ. ಮನೆಯಲ್ಲೂ ಆಗಾಗ ಒಂದು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿಸಿ.